ಕ್ಷಿಪಣಿ ತಡೆಯುವ ಚಿಕ್ಕಮ್ಮ

ನಮ್ಮ ಚಿಕ್ಕಮ್ಮನನ್ನು ದೇಶದ ರಕ್ಷಣಾ ಇಲಾಖೆಯವರು ಇನ್ನೂ ಕರೆದು ಕುರ್ಚಿ ಕೊಟ್ಟಿಲ್ಲವೆಂದರೆ ಅದು ಚಿಕ್ಕಮ್ಮನ ತಪ್ಪಲ್ಲ, ಇಲಾಖೆಯ ದುರದೃಷ್ಟ! ಆಕಾಶದಿಂದ ಬೀಳುವುದು, ಸಮುದ್ರಕ್ಕೆ ಹೊಟ್ಟೆ ತಾಗಿಸಿಕೊಂಡು ಬರುವುದು, ಗುಂಯ್ ಎನ್ನುತ್ತ ಹಿಂಡಾಗಿ ಬರುವುದು, ಯಾವ ಬಗೆಯ ಕ್ಷಿಪಣಿಯನ್ನು ಬೇಕಾದರೂ ಹೇಳಿ, ಅದನ್ನು ತಡೆಯುವುದು ಹೇಗೆಂದು ಒಗ್ಗರಣೆಯ ಸಾಸಿವೆ ಸಿಡಿದು ಮುಗಿಯುವುದರೊಳಗೆ ಆಕೆ ವಿವರಿಸಿಯಾಳು. ಹಾಗಾದರೆ ಚಿಕ್ಕಮ್ಮ ಸೈನ್ಯದಲ್ಲಿದ್ದವಳೇ? ಅಲ್ಲ. ವಿಜ್ಞಾನ ಓದಿದವಳೇ? ಅದೂ ಅಲ್ಲ ಸ್ವಾಮೀ! ಪುತ್ತೂರಿನಲ್ಲಿ ಬಿ.ಕಾಂ. ಮುಗಿಸಿ, ಮಟ್ಟಾಂಚೇರಿಯ ಒಂದು ಬ್ಯಾಂಕಿನಲ್ಲಿ ಅಧಿಕಾರಿಯಾಗಿ, ಶುಂಠಿ ಮೆಣಸಿನ ವ್ಯಾಪಾರಿಗಳ ಅರ್ಜಿಗಳಿಗೆ ಸಹಿ ಹಾಕುವವಳು.

ಚಿಕ್ಕಪ್ಪ ತೀರಿಹೋದ ಮೇಲೆ ಕಳಮಶ್ಶೇರಿಯ ಫ್ಲ್ಯಾಟಿನಲ್ಲಿ ಆಕೆ ಒಬ್ಬಳೇ ಇದ್ದಳು. ನನಗೆ ಕೇಂದ್ರ ಸರಕಾರದ ಕಚೇರಿಯೊಂದರಲ್ಲಿ ಕೆಲಸವಾಗಿ ಕೊಚ್ಚಿಗೆ ಬಂದಾಗ, "ಬೇರೆ ರೂಮು ಗೀಮು ಅಂತ ಹೇಳಿದ್ರೆ ಕಾಲು ಮುರೀತೇನೆ" ಎಂಬ ಪ್ರೀತಿಯ ಆಹ್ವಾನದ ಮೇರೆಗೆ ಹಿಂದಿನ ಕೋಣೆಯಲ್ಲಿ ಬೀಡುಬಿಟ್ಟೆ. ಆಕೆಯ ಹಠ ಎಂಥದ್ದೆಂದು ನಾನು ಮೊದಲೇ ಬಲ್ಲೆ. ಆಕೆ ಕೊಚ್ಚಿಗೆ ವರ್ಗವಾಗಿ ಬಂದ ಹೊಸತರಲ್ಲಿ ಆಟೋದವನೊಬ್ಬ "ಮಲಯಾಳಂ ಅರಿಯಿಲ್ಲೇ?" ಎಂದು ನಕ್ಕನಂತೆ. ಚಿಕ್ಕಮ್ಮ ಪಟ್ಟು ಹಿಡಿದು ಭಾಷೆ ಕಲಿತಳು. ಆಮೇಲೆ ಅದೇ ಆಟೋವನ್ನು ಹುಡುಕಿ ಹತ್ತಿ, ಆಲುವಾ ತಲುಪುವವರೆಗೂ ಅವನನ್ನು ಅಚ್ಚ ಮಲಯಾಳದಲ್ಲಿ ಬೈದಳು. ಇಳಿಯುವಾಗ ಅವನು, "ಚೇಚಿ ಯಾವ ಜಿಲ್ಲೆಯವರು?" ಎಂದು, ಅಕ್ಕನೆಂದು ಕರೆದು, ಭಯಭಕ್ತಿಯಿಂದ ಕೇಳಿದನಂತೆ!

ಇಂಥ ಚಿಕ್ಕಮ್ಮನ ಒಬ್ಬಳೇ ಮಗಳು ಪಲ್ಲವಿ ಹೆರಿಗೆಗೆಂದು ತವರಿಗೆ ಬಂದಳು. ಅವಳ ಗಂಡ ಸರಕು ಸಾಗಿಸುವ ಹಡಗಿನಲ್ಲಿ ಎಂಜಿನಿಯರ್. ಆ ಹಡಗು ಮುಂದಿನ ತಿಂಗಳು ಕೆಂಪು ಸಮುದ್ರ ದಾಟಬೇಕಿತ್ತು. ಆ ಸಮುದ್ರದಲ್ಲಿ ಹಡಗುಗಳ ಮೇಲೆ ಕ್ಷಿಪಣಿಗಳೂ ಡ್ರೋನುಗಳೂ ಬಂದು ಎರಗುತ್ತಿರುವುದನ್ನು ಟಿವಿಯವರು ಸಂಜೆಯ ಚಹಾದ ಜೊತೆ ತೋರಿಸುತ್ತಲೇ ಇದ್ದರು. ಒಂದು ಸಂಜೆ ಪಲ್ಲವಿ ಹೊಟ್ಟೆಯ ಮೇಲೆ ಚಹಾದ ಲೋಟ ಇಟ್ಟುಕೊಂಡು ಕೇಳಿದಳು:

"ಅಮ್ಮೇ, ಮುಗಳೀನ್ನ್ ವನ್ನಾಲೋ?"

ಮೇಲಿನಿಂದ ಬಂದರೆ ಏನು ಗತಿ ಎಂದು ಅರ್ಥ. ಪಲ್ಲವಿ ಕೊಚ್ಚಿಯಲ್ಲೇ ಬೆಳೆದವಳು. ಅಮ್ಮ ಕನ್ನಡದಲ್ಲಿ ಮಾತಾಡಿದರೆ ಅವಳ ಉತ್ತರ ಮಲಯಾಳದಲ್ಲಿ. ನಡುವೆ ಕುಳಿತವರಿಗೆ ಎರಡು ರೇಡಿಯೋ ಸ್ಟೇಷನ್ ಒಟ್ಟಿಗೆ ಹಿಡಿದ ಅನುಭವ. ಚಿಕ್ಕಮ್ಮ ಉತ್ತರಿಸಲು ಬಾಯಿ ತೆರೆದಳು. ಹಾಗೇ ಮುಚ್ಚಿದಳು. ಟಿವಿಯನ್ನೂ ಮುಚ್ಚಿದಳು.

ಮರುದಿನ ಬೆಳಿಗ್ಗೆ ನೋಡುತ್ತೇನೆ, ಚಿಕ್ಕಮ್ಮ ಒಲೆಯ ಮುಂದೆ ನಿಂತು, ಒಂದು ಕೈಯಲ್ಲಿ ದೋಸೆ ಸಟ್ಟುಗ, ಇನ್ನೊಂದು ಕೈಯಲ್ಲಿ ಮೊಬೈಲು ಹಿಡಿದು ರೇಡಾರಿನ ಪಾಠ ಕೇಳುತ್ತಿದ್ದಾಳೆ! ದೋಸೆ ಕರಕಲು. ಕೇಳಿದರೆ, "ಸುಮ್ನೆ ತಿನ್ನು, ಕೆಲಸ ಉಂಟು" ಎಂದಳು.

ಮೊದಲ ಪಾಠ ಭಾನುವಾರ ಮಧ್ಯಾಹ್ನ, ಊಟದ ಮೇಜಿನಲ್ಲಿ. ಚಿಕ್ಕಮ್ಮ ಒಂದು ಲಿಂಬೆಹಣ್ಣು ಎತ್ತಿ ಹಿಡಿದಳು.

"ಇದು ಬ್ಯಾಲಿಸ್ಟಿಕ್ ಕ್ಷಿಪಣಿ. ಬಿಡುವಾಗ ಮಾತ್ರ ಬಲ. ಆಮೇಲೆ ಅದಕ್ಕೆ ಸ್ವಂತ ಬುದ್ಧಿ ಇಲ್ಲ, ಇವನ ಹಾಗೆ." ಇವನೆಂದರೆ ನಾನು. "ಮೇಲೆ ಹೋಗಿ, ಬಾಗಿ, ಭಾರಕ್ಕೆ ಬೀಳ್ತದೆ ಅಷ್ಟೆ. ಹಾಗಾಗಿ ರೇಡಾರು ಅದರ ದಾರಿ ಸ್ವಲ್ಪ ನೋಡಿದ್ರೆ ಸಾಕು, ಎಲ್ಲಿ ಬೀಳ್ತದೆ ಅಂತ ಲೆಕ್ಕ ಸಿಗ್ತದೆ. ಖಾಲಿ ನೀರಿಗೆ ಬೀಳುದಾದ್ರೆ ಬಿಟ್ಟುಬಿಡುದು. ಹಡಗಿನ ಮೇಲೆ ಬೀಳುದಾದ್ರೆ ಇಲ್ಲಿಂದ ಇನ್ನೊಂದು ಹೋಗಿ ಆಕಾಶದಲ್ಲೇ ಡಿಕ್ಕಿ! ಹಿಡಿ ಮಾರಾಯ, ನೀನು ಹೊಡಿ!"

ನನ್ನ ಕೈಗೆ ಇನ್ನೊಂದು ಲಿಂಬೆ ಬಂತು. ಚಿಕ್ಕಮ್ಮ ತನ್ನದನ್ನು ಮೇಲಕ್ಕೆ ಎಸೆದೇಬಿಟ್ಟಳು. ನಾನು ಗುರಿಯಿಟ್ಟು ಹೊಡೆದೆ. ನನ್ನ ಲಿಂಬೆ ಗೋಡೆಯ ಕ್ಯಾಲೆಂಡರಿಗೆ ಬಡಿದು ಸೋಫಾದ ಅಡಿ ಸೇರಿತು. ಚಿಕ್ಕಮ್ಮನದು ನೆಟ್ಟಗೆ ಸಾರಿನ ಪಾತ್ರೆಗೆ ಬಿದ್ದು ನನ್ನ ಅಂಗಿಯನ್ನು ಹಳದಿ ಮಾಡಿತು.

"ಎಂತ ಮಾರಾಯ, ಬಿಟ್ಟೆಯಲ್ಲ!"

"ಖಾಲಿ ಜಾಗಕ್ಕೆ ಬೀಳ್ತದೆ ಅಂತ ಲೆಕ್ಕ ಹಾಕಿದೆ ಚಿಕ್ಕಮ್ಮಾ."

"ನಿನ್ನ ತಲೆ ಖಾಲಿ ಜಾಗ! ಸಾರಿನ ಪಾತ್ರೆ ಅಲ್ಲ!"

ಪಲ್ಲವಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಕ್ಕು ಮುಗಿದ ಮೇಲೆ ತನ್ನ ಮಲಯಾಳದಲ್ಲೇ ಕೇಳಿದಳು: "ಹಾಗಾದ್ರೆ ತಗ್ಗಿನಲ್ಲಿ ಬಂದರೆ, ಅಮ್ಮೇ?"

ಚಿಕ್ಕಮ್ಮನ ಕಣ್ಣು ಹೊಳೆಯಿತು. ಅನ್ನಕ್ಕೆ ಇನ್ನೊಮ್ಮೆ ಸಾರು ಬಡಿಸಿಕೊಂಡು, ಲಿಂಬೆ ಪಕ್ಕಕ್ಕಿಟ್ಟು, "ನಾಳೆ ಹೇಳ್ತೇನೆ" ಎಂದಳು.

ತಗ್ಗಿನಲ್ಲಿ ಬರುವುದು ಕ್ರೂಸ್ ಕ್ಷಿಪಣಿ. ವಿಮಾನದ ಹಾಗೆ ಎಂಜಿನ್ ಓಡಿಸಿಕೊಂಡು, ನೀರಿನ ಮೇಲೆ ಮೀನುಹಕ್ಕಿಯಂತೆ ತೇಲಿ ಬರುತ್ತದೆ. ಭೂಮಿ ಗುಂಡಗಿರುವುದರಿಂದ ಹಡಗಿನ ರೇಡಾರಿಗೆ ಅದು ಕಾಣುವ ಹೊತ್ತಿಗೆ ಬಾಗಿಲಿಗೇ ಬಂದಿರುತ್ತದೆ. ಅದಕ್ಕೇ ರೇಡಾರನ್ನು ವಿಮಾನದಲ್ಲಿಟ್ಟು ಮೇಲಿನಿಂದ ನೋಡುತ್ತಾರೆ. ಇಷ್ಟನ್ನು ಕುಳಿತೇ ಹೇಳಬಹುದಿತ್ತಲ್ಲ? ಚಿಕ್ಕಮ್ಮ ಮಟ್ಟಾಂಚೇರಿಗೆ ಹೋಗುವ ಬೋಟಿನಲ್ಲಿ, ಪಕ್ಕದ ಸೀಟಿನ ಒಬ್ಬ ಟೀಚರಮ್ಮನಿಗೆ ಹೇಳಿದಳು. ಅವರು ನಂಬಲಿಲ್ಲ. ನಂಬದಿದ್ದರೆ ಬಿಡುತ್ತಾಳೆಯೇ? ಚಪ್ಪಲಿ ಕಳಚಿ, ಸೆರಗು ಸಿಕ್ಕಿಸಿ, ಸೀಟಿನ ಮೇಲೆ ನಿಂತೇಬಿಟ್ಟಳು!

"ಈಗ ನೋಡಿ, ಕುಳಿತವರಿಗೆ ಆ ದೋಣಿ ಕಾಣ್ತದಾ? ನನಗೆ ಕಾಣ್ತದೆ! ಅದರ ಹಿಂದಿನದೂ ಕಾಣ್ತದೆ!"

"ಚೇಚೀ, ಇರಿಕ್ಕೂ!" ಎಂದು ಬೋಟಿನವನು ಕೂಗಿದ. ಕುಳಿತುಕೊಳ್ಳಿ ಎಂದು ಅವನ ಗೋಳು. ಚಿಕ್ಕಮ್ಮ ಕುಳಿತುಕೊಳ್ಳಲಿಲ್ಲ. ಟೀಚರಮ್ಮ ಎದ್ದು ಪಕ್ಕದಲ್ಲಿ ನಿಂತು, "ಶರಿಯಾ, ಕಾಣ್ತದೆ" ಎಂದು ಒಪ್ಪಿಕೊಂಡ ಮೇಲೆಯೇ ಇಬ್ಬರೂ ಕುಳಿತರು. ನಾನು ಅವತ್ತು ಯಾವುದೋ ಕೆಲಸಕ್ಕೆ ಅದೇ ಬೋಟಿನಲ್ಲಿದ್ದೆ. ಇದ್ದೆ ಎಂದು ಯಾರಿಗೂ ಹೇಳಲಿಲ್ಲ, ಅಷ್ಟೆ. ಕೊನೆಯ ಸೀಟಿನಲ್ಲಿ ಪೇಪರನ್ನು ಮುಖಕ್ಕೆ ಹಿಡಿದುಕೊಂಡಿದ್ದೆ.

ಮೆಟ್ರೋದಲ್ಲಿ ಇನ್ನೊಂದು ಪ್ರಸಂಗವಾಯಿತು. ಫೋನಿನಲ್ಲಿ ಪಲ್ಲವಿಗೆ ಗಟ್ಟಿಯಾಗಿ "ಹೊಡೆದುರುಳಿಸುದೇ! ತಲೆಗೇ ಹೊಡಿಬೇಕು!" ಎಂದು ಹೇಳುತ್ತ ಗಾಡಿಯಿಂದ ಇಳಿದಳಂತೆ. ಭಾಷೆ ಅರ್ಥವಾಗದಿದ್ದರೂ ನಡುನಡುವೆ "ಮಿಸೈಲ್" ಎಂಬ ಪದ ಕೇಳಿ ಸೆಕ್ಯುರಿಟಿಯವನು ಅಡ್ಡ ಬಂದ. ಚಿಕ್ಕಮ್ಮನ ಚೀಲ ತೆಗೆಸಿದ. ಅದರಲ್ಲಿ ಕೊಡೆ, ತಿಂಡಿಯ ಡಬ್ಬಿ, ಕಾಯಿಹೋಳಿಗೆ. ಆಕೆ ಅಲ್ಲೇ ಅವನಿಗೆ ಪಾಠ ಶುರುಮಾಡಿದಳು. ಸ್ವಲ್ಪ ಹೊತ್ತಿಗೆ ಅವನು ಹೋಳಿಗೆ ತಿನ್ನುತ್ತ, ತನ್ನ ತಮ್ಮನೂ ಗಲ್ಫಿನಲ್ಲಿದ್ದಾನೆ, ಅಲ್ಲಿಗೂ ಈ ರಕ್ಷಣೆ ಇದೆಯೇ ಎಂದು ವಿಚಾರಿಸುತ್ತಿದ್ದನಂತೆ. ವಿಚಾರಣೆಗೆ ಬಂದವನೇ ಶಿಷ್ಯ!

ಪಲ್ಲವಿಯ ಪ್ರಶ್ನೆಗಳು ನಿಲ್ಲಲಿಲ್ಲ. ತಗ್ಗಿನದು ಮುಗಿಯಿತೋ, "ಡ್ರೋನ್ ಬಂದರೆ?" ಎಂದಳು. ಡ್ರೋನು ನಿಧಾನ, ಸಣ್ಣದು, ರೇಡಾರಿಗೆ ಹಕ್ಕಿಯ ಹಾಗೆ ಕಾಣುತ್ತದೆ. ಅದಕ್ಕಿಂತ ದೊಡ್ಡ ಸಂಕಟವೆಂದರೆ ಅದು ಅಗ್ಗ. ಅದನ್ನು ಹೊಡೆಯುವ ಕ್ಷಿಪಣಿ ಬಲು ದುಬಾರಿ. ಇದನ್ನು ಚಿಕ್ಕಮ್ಮ ಬ್ಯಾಂಕಿನಲ್ಲಿ ಒಬ್ಬ ಹಳೆಯ ಗಿರಾಕಿಗೆ, ಒಣಶುಂಠಿಯ ಗೋದಾಮಿನ ಯಜಮಾನರಿಗೆ ಹೇಳಿದಳು. ಅವರು ತಮ್ಮ ಕಾಗದಕ್ಕೆ ಸಹಿ ಬೀಳುವವರೆಗೆ ತಾಳ್ಮೆಯಿಂದ ಕೇಳಿ, "ಮೇಡಂ, ಇಲಿ ಹೊಡೆಯಲು ಆನೆ ಸಾಕುವ ವ್ಯವಹಾರಕ್ಕೆ ನಿಮ್ಮ ಬ್ಯಾಂಕು ಸಾಲ ಕೊಡುತ್ತದೆಯೇ?" ಎಂದರಂತೆ. ಚಿಕ್ಕಮ್ಮ ಸೋಲಲಿಲ್ಲ. "ಅದಕ್ಕೇ ಫಿರಂಗಿಯಲ್ಲಿ ಹೊಡೀತಾರೆ. ಇಲ್ಲದಿದ್ರೆ ಅದಕ್ಕೆ ದಾರಿ ತೋರಿಸುವ ಸಿಗ್ನಲನ್ನೇ ಕೆಡಿಸ್ತಾರೆ, ಕುರುಡಾಗಿ ನೀರಿಗೆ ಬೀಳ್ತದೆ" ಎಂದು ಸಂಜೆ ಮಗಳಿಗೆ ಉತ್ತರ ಒಪ್ಪಿಸಿದಳು.

ಹೀಗೆ ಒಂದೊಂದೇ ದಾಳಿ, ಒಂದೊಂದೇ ಉತ್ತರ. ಪಲ್ಲವಿ ಹುಸಿ ಕ್ಷಿಪಣಿ ಬಿಟ್ಟು ಮೋಸಮಾಡಿದರೆ ಎಂದು ಕೇಳಿದಳು. ಹಾರುತ್ತಲೇ ದಾರಿ ಬದಲಿಸಿದರೆ ಎಂದು ಕೇಳಿದಳು. ಕೊನೆಗೊಂದು ಸಂಜೆ ಆ ಪ್ರಶ್ನೆ ಬಂತು:

"ಎಲ್ಲ ಒಟ್ಟಿಗೆ ಬಂದರೆ, ಅಮ್ಮೇ?"

ಚಿಕ್ಕಮ್ಮ ಫೋನಿನಲ್ಲಿ ಹುಡುಕಿದಳು. ಒಬ್ಬ ಒಂದು ಹೇಳಿದ, ಇನ್ನೊಬ್ಬ ಅದಕ್ಕೆ ತದ್ವಿರುದ್ಧ ಹೇಳಿದ. ಎಲ್ಲರನ್ನೂ ಮೂರ್ಖರೆಂದು ತೀರ್ಮಾನಿಸಿ ಆಕೆ ಬ್ಯಾಂಕಿಗೆ ರಜೆ ಹಾಕಿದಳು. "ತಿರುವನಂತಪುರಕ್ಕೆ ಹೋಗುದು. ನೀನೂ ಹೊರಡು" ಎಂದಳು ನನಗೆ.

ಆಕೆಯ ಸಹೋದ್ಯೋಗಿಯೊಬ್ಬರ ಮಾವ, ಮೈಸೂರು ಕಡೆಯವರು, ಜೀವಮಾನವಿಡೀ ಸರಕಾರದ ಪ್ರಯೋಗಾಲಯದಲ್ಲಿ ರೇಡಾರಿನ ಕೆಲಸ ಮಾಡಿ ನಿವೃತ್ತರಾಗಿ ತಿರುವನಂತಪುರದಲ್ಲೇ ನೆಲೆಸಿದ್ದರು. ನಾವು ಹೋದಾಗ ಅವರು ಕೈಚೀಲ ಹಿಡಿದು ಮೆಟ್ಟಿಲಿಳಿಯುತ್ತಿದ್ದರು.

"ಮನೇಲಿ ಈ ವಿಷ್ಯ ಎತ್ತಿದ್ರೆ ನಮ್ಮನೆಯವ್ರು ಕಾಫಿ ಕೊಡಲ್ಲಮ್ಮ. ಚಾಲೈಗೆ ಹೋಗ್ಬೇಕು, ಬನ್ನಿ, ನಡೀತಾ ಮಾತಾಡೋಣ. ನಾನು ಮಾಡಿದ ಕೆಲಸ ಹೇಳೋ ಹಾಗಿಲ್ಲ. ಪುಸ್ತಕದಲ್ಲಿರೋದು ಹೇಳ್ತೀನಿ."

ಹೀಗಾಗಿ ದೇಶರಕ್ಷಣೆಯ ಆ ಉನ್ನತ ಸಭೆ ಚಾಲೈ ಪೇಟೆಯಲ್ಲಿ, ತಲೆಹೊರೆಯವರ ಮತ್ತು ತಳ್ಳುಗಾಡಿಗಳ ನಡುವೆ ನಡೆಯಿತು. ಹಿರಿಯರು ನೇಂದ್ರ ಬಾಳೆಗೊನೆಗಳನ್ನು ತಟ್ಟಿ ನೋಡುತ್ತ ಹೇಳಿದರು: "ಒಂದೇ ಗೋಡೆ ಕಟ್ಟಿ ಕೂರೋದಲ್ಲಮ್ಮ. ಪದರ ಪದರ ಇರುತ್ತೆ. ದೂರದಲ್ಲಿ ಒಂದು ಸಲ ಹೊಡೀತಾರೆ. ತಪ್ಪಿಸ್ಕೊಂಡು ಬಂದದ್ದನ್ನ ನಡುವೆ ಹೊಡೀತಾರೆ. ಅದೂ ತಪ್ಪಿದ್ರೆ ಹತ್ತಿರದಲ್ಲಿ ಫಿರಂಗಿ. ಹುಸಿ ಬಲೂನುಗಳು ಇರ್ತವೆ ನೋಡಿ, ಗಾಳಿ ಇಲ್ಲದ ಎತ್ತರದಲ್ಲಿ ಅವೂ ನಿಜವಾದದ್ದೂ ಒಂದೇ ವೇಗ. ಕೆಳಗೆ ಗಾಳಿ ದಟ್ಟ ಆದಾಗ ಹಗುರಾದದ್ದು ಹಿಂದೆ ಬೀಳುತ್ತೆ. ಆಗ ಗೊತ್ತಾಗುತ್ತೆ ಯಾವುದು ನಿಜ ಅಂತ."

"ಅಷ್ಟು ಹೊತ್ತು ಕಾಯ್ಬೇಕಾ?"

"ಕಾಯ್ಬೇಕು. ಕಾಯೋದೇ ಕಷ್ಟ."

"ನಮ್ಮಳಿಯ ಹಡಗಲ್ಲಿರುದು. ಎಲ್ಲ ಒಟ್ಟಿಗೆ ಬಂದ್ರೆ ಸರ್?"

ಹಿರಿಯರು ಬಾಳೆಗೊನೆ ಬಿಟ್ಟು ತಿರುಗಿದರು. "ಕೆಲವು ನುಗ್ಗುತ್ತವಮ್ಮ. ಹೊಡೆಯೋಕೆ ಇಟ್ಟಿರೋ ಬಾಣಗಳು ಮುಗಿಯೋ ಅಷ್ಟು ಕಳಿಸೋದೇ ಅವರ ಉಪಾಯ. ಒಂದೂ ನುಗ್ಗಲ್ಲ ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ." ಆಮೇಲೆ ಏನೋ ಹೊಳೆದವರಂತೆ ಕೇಳಿದರು: "ನಿಮ್ಮಳಿಯ ಇರೋದು ಯುದ್ಧನೌಕೆಯಲ್ಲೇ ತಾನೇ?"

"ಅಲ್ಲ ಸರ್. ಸರಕಿನ ಹಡಗು."

ಹಿರಿಯರು ಕೈಚೀಲವನ್ನು ಇನ್ನೊಂದು ಕೈಗೆ ಬದಲಿಸಿದರು. ಪಕ್ಕದಿಂದ ಅಕ್ಕಿ ಮೂಟೆಯ ಗಾಡಿ ಹೋಯಿತು. "ಸರಕಿನ ಹಡಗಲ್ಲಿ ಇದ್ಯಾವುದೂ ಇರಲ್ಲಮ್ಮ" ಎಂದರು ಮೆಲ್ಲಗೆ. "ಹತ್ತಿರದಲ್ಲಿ ಯುದ್ಧನೌಕೆ ಇದ್ರೆ ಅದು ಕಾಪಾಡುತ್ತೆ. ಇಲ್ಲದಿದ್ರೆ..." ಆ ಮಾತನ್ನು ಅಲ್ಲಿಗೇ ಬಿಟ್ಟು ಚಿಕ್ಕಮ್ಮನ ಕೈಗೆ ಎರಡು ಬಾಳೆಹಣ್ಣು ಕೊಟ್ಟರು.

ಮರಳಿ ಬರುವ ರೈಲಿನಲ್ಲಿ ಚಿಕ್ಕಮ್ಮ ಕಿಟಕಿಯಿಂದ ಹೊರಗೆ ನೋಡುತ್ತ ಕುಳಿತಿದ್ದಳು. ಒಂದು ತಿಂಗಳು ಇಡೀ ಕೊಚ್ಚಿಗೆ ಪಾಠ ಹೇಳಿದವಳು, ಅಳಿಯನ ಹಡಗಿನಲ್ಲಿ ಇವೆಲ್ಲ ಇವೆಯೇ ಎಂದು ಯಾರನ್ನೂ ಕೇಳಿರಲಿಲ್ಲ! ಕೊಲ್ಲಂ ದಾಟಿತು, ಕಾಯಂಕುಳಂ ದಾಟಿತು, ಚಹಾದವನು ಬಂದು ಹೋದ. ಆಲಪ್ಪುಳದ ಹತ್ತಿರ ತಟಕ್ಕನೆ ತಿರುಗಿ, "ಇದರಲ್ಲಿ ಒಂದಕ್ಷರ ಅವಳ ಹತ್ರ ಬಾಯಿಬಿಟ್ಟೆಯೋ, ನಾಳೆಯಿಂದ ನಿನ್ನ ದೋಸೆ ನೀನೇ ಹೊಯ್ಕೊಳ್ಳುದು" ಎಂದಳು.

ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಪಲ್ಲವಿ ಕೇಳಿದಳು. ಚಿಕ್ಕಮ್ಮ ಬಾಗಿಲಲ್ಲೇ ನಿಂತು, ಸೊಂಟಕ್ಕೆ ಕೈಯಿಟ್ಟು, ಸುಳ್ಳನ್ನು ಸಿಂಹಾಸನದ ಮೇಲೆ ಕೂರಿಸಿದಳು: "ಎಲ್ಲ ಒಟ್ಟಿಗೆ ಬಂದ್ರೂ ಅಷ್ಟೆ! ಪದರ ಪದರ ಉಂಟು. ಒಂದನ್ನೂ ಬಿಡುದಿಲ್ಲ. ದೊಡ್ಡ ವಿಜ್ಞಾನಿಯೇ ಹೇಳಿದ್ದು. ಬೇಕಾದ್ರೆ ಇವನನ್ನು ಕೇಳು!"

ನಾನು ತಲೆಯಾಡಿಸಿದೆ. ದೋಸೆಯ ಪ್ರಶ್ನೆಯಲ್ಲವೇ?

"ಶರಿ ಅಮ್ಮೇ" ಎಂದಳು ಪಲ್ಲವಿ. ಚಿಕ್ಕಮ್ಮ ಹೊಟ್ಟೆ ತುಂಬ ಉಂಡು ಬೇಗ ಮಲಗಿದಳು.

ಮರುದಿನ ಸಂಜೆ ಚಿಕ್ಕಮ್ಮ ತರಕಾರಿಗೆ ಹೋಗಿದ್ದಾಗ ಪಲ್ಲವಿ ಬಾಲ್ಕನಿಯಲ್ಲಿ ಬಟ್ಟೆ ಮಡಚುತ್ತಿದ್ದಳು. ನನ್ನನ್ನು ಕರೆದು ತನ್ನ ಅರೆಬರೆ ಕನ್ನಡದಲ್ಲಿ ಹೇಳಿದಳು:

"ಅಣ್ಣಾ, ಅವರ ಹಡಗಲ್ಲಿ ಏನೂ ಇಲ್ಲ ಅಂತ ನನಗೆ ಗೊತ್ತು. ಹೋಗುವ ಮುಂಚೆಯೇ ಅವರು ಎಲ್ಲಾ ಹೇಳಿದ್ದಾರೆ. ನೀರಿನ ಪೈಪ್ ಉಂಟು, ಓಡಿ ಬಾಗಿಲು ಹಾಕಿಕೊಳ್ಳಲಿಕ್ಕೆ ಒಂದು ರೂಮ್ ಉಂಟು. ಅಷ್ಟೇ."

ನಾನು ಕೇಳಿದೆ: "ಮತ್ತೆ ದಿನಾ ಆ ಪ್ರಶ್ನೆಗಳು?"

"ಅಚ್ಛನ್... ಅಪ್ಪ ಹೋದ ಮೇಲೆ ಅಮ್ಮ ಸರಿಯಾಗಿ ಊಟ ಮಾಡಿದ್ದು ನೀನು ನೋಡಿದ್ದೀಯಾ? ನಾನು ಇಲ್ಲಿಗೆ ಬಂದಾಗಲೂ ಹಾಗೇ. ಟಿವಿ ನೋಡುದು, ತಟ್ಟೆ ಹಾಗೇ ಬಿಟ್ಟು ಎದ್ದು ಹೋಗುದು. ಅವತ್ತು ನಾನು ಪ್ರಶ್ನೆ ಕೇಳಿದ ಮೇಲೆ ಅಮ್ಮನಿಗೆ ಕೋಪ ಬಂತು. ಕೋಪ ಬಂದ್ರೆ ಅಮ್ಮನಿಗೆ ಹಸಿವಾಗ್ತದೆ." ಅವಳು ಒಂದು ಸಣ್ಣ ಬಟ್ಟೆಯನ್ನು ಮಡಚಿ, ಬಿಚ್ಚಿ, ಮತ್ತೆ ಮಡಚಿದಳು. "ದಿನಾ ಹುಡುಕಿ ಹುಡುಕಿ ಕೇಳಿದೆ. ಈಗ ನನ್ನ ಹತ್ರ ದಾಳಿ ಎಲ್ಲ ಮುಗಿದುಹೋಯ್ತು. ಹಡಗು ದಾಟಲಿಕ್ಕೆ ಇನ್ನೂ ದಿನ ಉಂಟು. ನೀನೊಂದು ಹುಡುಕಿಕೊಡು."

ಹೀಗೆ ನಾನೂ ಶತ್ರುಪಕ್ಷ ಸೇರಿದೆ! ಕಚೇರಿಯಲ್ಲಿ ಕಡತಗಳನ್ನು ಬದಿಗಿಟ್ಟು ಓದಿ, ರಾತ್ರಿ ಊಟಕ್ಕೆ ಕುಳಿತಾಗ ಕೇಳಿದೆ: "ಚಿಕ್ಕಮ್ಮಾ, ಆಕಾಶ ಬಿಡು. ಆಳಿಲ್ಲದ ದೋಣಿಯಲ್ಲಿ ಬಾಂಬಿಟ್ಟು ನೀರಿನ ಮೇಲೆ ಬಿಟ್ಟರೆ?"

ಚಿಕ್ಕಮ್ಮನ ಕೈಯ ತುತ್ತು ಅರ್ಧದಲ್ಲಿ ನಿಂತಿತು. "ದೋಣಿಯಾ?" ಎಂದಳು. ಆಮೇಲೆ ಹುಬ್ಬು ಗಂಟಿಕ್ಕಿ, ಆ ತುತ್ತು ನುಂಗಿ, ಇನ್ನೊಂದು ಸೌಟು ಅನ್ನ ಬಡಿಸಿಕೊಂಡಳು. ಮರುದಿನ ಸ್ನಾನದ ಮನೆಯಿಂದಲೇ ಉತ್ತರ ಕೂಗಿ ಬಂತು: "ಹೆಲಿಕಾಪ್ಟರ್!" ಪಕ್ಕದ ಫ್ಲ್ಯಾಟಿನವರು ಬಾಲ್ಕನಿಗೆ ಬಂದು ಆಕಾಶ ನೋಡಿದರು.

ಹಡಗು ದಾಟುವ ದಿನ ಬಂತು. ಅಲ್ಲಿ ಹಾದುಹೋಗುವಷ್ಟು ಹೊತ್ತು ಫೋನು ಇರುವುದಿಲ್ಲ, ಹಡಗು ಎಲ್ಲಿದೆಯೆಂದು ತೋರಿಸುವ ಗುರುತನ್ನೂ ಆರಿಸಿಬಿಡುತ್ತಾರೆ ಎಂದು ಅಳಿಯ ಮೊದಲೇ ತಿಳಿಸಿದ್ದ. ಚಿಕ್ಕಮ್ಮ ಬ್ಯಾಂಕಿಗೆ ಹೋಗಲಿಲ್ಲ. ನಾನೂ ಹೋಗಲಿಲ್ಲ. ಟಿವಿ ಹಾಕಲಿಲ್ಲ. ಮಧ್ಯಾಹ್ನ ಕಳೆಯಿತು. ಪಲ್ಲವಿ ಸೋಫಾದಲ್ಲಿ ಕಾಲು ಮಡಚಿ, ಫೋನನ್ನು ಎರಡು ಕೈಗಳಲ್ಲಿ ಹಿಡಿದು ಕುಳಿತಿದ್ದಳು.

"ಇವತ್ತು ಪ್ರಶ್ನೆ ಇಲ್ವಾ?" ಎಂದಳು ಚಿಕ್ಕಮ್ಮ.

ಪಲ್ಲವಿ ಇಲ್ಲವೆಂದು ತಲೆಯಾಡಿಸಿದಳು.

"ಹಾಗಾದ್ರೆ ನಾನೇ ಕೇಳ್ತೇನೆ." ಚಿಕ್ಕಮ್ಮ ಅವಳ ಪಕ್ಕದಲ್ಲಿ ಕುಳಿತು ಅವಳ ಪಾದಗಳನ್ನು ತನ್ನ ತೊಡೆಯ ಮೇಲೆಳೆದುಕೊಂಡಳು. ಪಾದ ಬಾತಿತ್ತು. "ಹೆಣ್ಣಾದ್ರೆ ಎಂತ ಹೆಸರು ಇಡುದು?"

ಪಲ್ಲವಿ ಒಂದು ಹೆಸರು ಹೇಳಿದಳು. ಚಿಕ್ಕಮ್ಮನಿಗೆ ಅದು ಹಿಡಿಸಲಿಲ್ಲ. ಇನ್ನೊಂದು ಹೇಳಿದಳು. ಅದು ಯಾರದೋ ಅತ್ತೆಯ ಹೆಸರಂತೆ, ಮಹಾ ಜಿಪುಣಿ! ಹೀಗೆ ಹೆಸರುಗಳ ಮೇಲೆ ಜಗಳವಾಡುತ್ತ ಆಡುತ್ತ ಬಿಸಿಲು ಬಾಲ್ಕನಿಯಿಂದ ಇಳಿಯಿತು. ಯಾರೂ ದೀಪ ಹಾಕಲಿಲ್ಲ.

ಫೋನು ಹೊಡೆದುಕೊಂಡಾಗ ಪಲ್ಲವಿಯ ಕೈಯಿಂದ ಅದು ಜಾರಿ ಬಿತ್ತು. ಎತ್ತಿಕೊಂಡವಳು ಚಿಕ್ಕಮ್ಮ.

"ದಾಟಿದೆವು ಅತ್ತೆ" ಎಂಬ ಧ್ವನಿ ನನಗೂ ಕೇಳಿಸಿತು. "ಒಂದು ಬಂದಿತ್ತು. ಮುಂದಿದ್ದ ಯುದ್ಧನೌಕೆಯವರು ಹೊಡೆದರಂತೆ."

"ಯಾವ ಬಗೆಯದ್ದು? ಮೇಲಿಂದ ಬಂದದ್ದಾ, ತಗ್ಗಿನಲ್ಲಿ ಬಂದದ್ದಾ?"

"ನನಗೆಂತ ಗೊತ್ತು ಅತ್ತೆ? ನಾನು ಕೆಳಗೆ ಎಂಜಿನ್ ರೂಮಿನಲ್ಲಿದ್ದೆ. ಒಂದು ಶಬ್ದ ಕೇಳಿತು, ಅಷ್ಟೆ."

ಚಿಕ್ಕಮ್ಮ ಫೋನನ್ನು ಮಗಳ ಕೈಯಲ್ಲಿಟ್ಟು, ಅವಳ ಪಾದಗಳನ್ನು ತೊಡೆಯಿಂದ ಮೆಲ್ಲಗೆ ಇಳಿಸಿ, "ಚಟ್ನಿ ಅರೀಬೇಕು" ಎಂದು ಅಡುಗೆಮನೆಗೆ ಹೋದಳು. ಮಿಕ್ಸಿ ಗರ್ರೆಂದು ಶುರುವಾಯಿತು. ಪಲ್ಲವಿ ಇನ್ನೊಂದು ಕಿವಿಗೆ ಬೆರಳಿಟ್ಟುಕೊಂಡು ನಗುತ್ತ ಅಳುತ್ತ ಮಾತಾಡುತ್ತಿದ್ದಳು. ಮಿಕ್ಸಿ ನಿಲ್ಲಲೇ ಇಲ್ಲ. ಇಷ್ಟು ಹೊತ್ತು ಅರೆಯುವ ಚಟ್ನಿ ಯಾವುದಪ್ಪಾ ಎಂದು ನಾನು ಹೋಗಿ ಇಣುಕಿದೆ. ಚಿಕ್ಕಮ್ಮ ನನಗೆ ಬೆನ್ನು ಹಾಕಿ, ಎರಡೂ ಕೈಗಳಿಂದ ಮುಚ್ಚಳ ಒತ್ತಿ ಹಿಡಿದು ನಿಂತಿದ್ದಳು. ಭುಜಗಳು ಕುಲುಕುತ್ತಿದ್ದವು. ಜಾರಿನಲ್ಲಿ ಏನೂ ಇರಲಿಲ್ಲ.